ನಿದ್ದೆಗೆರೆಯ ಸರದಿ

ಒಂದು ಊರು. ಆ ಊರಿಗೆ ನೀರಿನ ಕೆರೆ ಒಂದು, ನಿದ್ದೆಯ ಕೆರೆ ಒಂದು. ನೀರಿನ ಕೆರೆ ಎಲ್ಲ ಊರಿನಲ್ಲೂ ಇರುವಂಥದ್ದೇ, ಅದರ ಮಾತು ಇಲ್ಲಿ ಬೇಡ. ನಿದ್ದೆಯ ಕೆರೆ ಮಾತ್ರ ಆ ಊರಿಗೇ ಸೇರಿದ್ದು. ಊರಿನ ಮೂಡಲಿಗೆ, ಏರಿಯ ಹಿಂದೆ, ಬೂದುಬಣ್ಣದ ನಿದ್ದೆ ಅಲುಗದೆ ನಿಂತಿರುತ್ತಿತ್ತು. ಕೈ ಅದ್ದಿದರೆ ಒದ್ದೆಯಾಗುತ್ತಿರಲಿಲ್ಲ. ಕೈ ಭಾರವಾಗುತ್ತಿತ್ತು, ಅಷ್ಟೆ. ಹಕ್ಕಿಗಳು ಅದರ ಮೇಲೆ ಹಾರುವಾಗ ರೆಕ್ಕೆ ಬಡಿಯುವುದನ್ನು ನಿಧಾನ ಮಾಡುತ್ತಿದ್ದವು.

ಕೆರೆ ಸಣ್ಣದು, ಊರು ದೊಡ್ಡದು. ಎಲ್ಲರೂ ಒಟ್ಟಿಗೆ ಮಲಗಿದರೆ ಯಾರಿಗೂ ಸಾಲದು. ಹಾಗಾಗಿ ಹಿಂದಿನವರು ಸರದಿ ಕಟ್ಟಿದ್ದರು. ಬೇರೆ ಊರುಗಳಲ್ಲಿ ಕೆರೆನೀರು ಹಂಚುವವನನ್ನು ನೀರುಗಂಟಿ ಅನ್ನುವ ಹಾಗೆ ಇಲ್ಲಿ ನಿದ್ದೆಗಂಟಿ ಅಂತ ಒಬ್ಬನಿದ್ದ. ಅವನು ತೂಬು ಎತ್ತಿ, ಕಾಲುವೆಗೆ ನಿದ್ದೆ ಬಿಟ್ಟು, ಬೀದಿಯ ಬಾಯಲ್ಲಿ ನಿಂತು ಕೊಂಬು ಊದುತ್ತಿದ್ದ. ಕೊಂಬು ಕೇಳಿದ ಬೀದಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಾಲು ತೊಳೆಯುವರು. ಚಾಪೆ ಹಾಸುವರು. ಹಿತ್ತಿಲಿಗೆ ಹೋಗಿ, ಕಾಲುವೆಯಿಂದ ಮನೆಯೊಳಕ್ಕೆ ಹರಿಯುವ ಬಾಯಿ, ಅಂದರೆ ಮಡೆ, ಅದರ ಮಣ್ಣು ಸರಿಸುವರು. ಸರಿಸಿ, ಮೂಡಲಿಗೆ ಕೈ ಮುಗಿದು, "ತಾಯೀ ಬಾ, ಮೆಲ್ಲಗೆ ಬಾ, ಬಂದು ನಿಲ್ಲು" ಅನ್ನುವರು. ನಿದ್ದೆ ಸದ್ದಿಲ್ಲದೆ ಒಳಗೆ ಹರಿಯುವುದು. ಬೀದಿ ಮಲಗುವುದು. ಪಕ್ಕದ ಬೀದಿಯಲ್ಲಿ ಒನಕೆ ಕುಟ್ಟುತ್ತಿದ್ದರೂ ಈ ಬೀದಿಯಲ್ಲಿ ನಾಯಿ ಕೂಡ ಕಣ್ಣು ಬಿಡುತ್ತಿರಲಿಲ್ಲ.

ಸರದಿ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ಇಂದು ಮುಂಜಾವಿಗೆ ಬಂದದ್ದು ನಾಳೆ ಹೊತ್ತೇರಿದ ಮೇಲೆ, ನಾಡಿದ್ದು ನೆತ್ತಿ ಸುಡುವಾಗ, ಹೀಗೆ ಜಾರುತ್ತ ಜಾರುತ್ತ ಸುತ್ತು ಬರುವುದು. ಒಂದು ಬೀದಿಗೇ ತಂಪು ಹೊತ್ತು, ಇನ್ನೊಂದಕ್ಕೇ ಬಿಸಿಲು ಹೊತ್ತು ಆಗಬಾರದು ಅಂತ ಹಿಂದಿನವರ ನ್ಯಾಯ. ಸರದಿ ಬಿಟ್ಟು ಮಲಗಿದವನು ಕಳ್ಳ. ಅವನ ಮನೆಯ ಮಡೆಗೆ ಕಲ್ಲು ಬೀಳುತ್ತಿತ್ತು.

ಆ ಊರಿನಲ್ಲಿ ಒಬ್ಬ ಕಲ್ಲುಕುಟಿಗ, ಅವನಿಗೊಬ್ಬ ಹೆಂಡತಿ. ಮಕ್ಕಳನ್ನು ದೇವರು ಕೊಟ್ಟಿರಲಿಲ್ಲ. ಅದಕ್ಕೆ ಇಬ್ಬರೂ ಬಹಳ ದಿನ ಅತ್ತು, ಆಮೇಲೆ ಅಳುವುದನ್ನು ಬಿಟ್ಟು, ಸಂಜೆ ದೇವರ ಮುಂದೆ ದೀಪ ಹಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣುತ್ತಿದ್ದರು. ಕೆರೆಯ ತೂಬಿಗೆ ಹೊಸ ಕಲ್ಲು ಕಡೆದವನು ಅವನೇ. ಕಲ್ಲು ಕೂರಿಸುವ ದಿನ ಹಗ್ಗ ಜಾರಿತು. ಕಲ್ಲಿನ ಮೂಲೆ ಅವನ ತಲೆಗೆ, ಕಿವಿಯ ಮೇಲ್ಗಡೆ, ತಾಗಿತು. ಜನ ಹೊತ್ತು ತಂದರು. ಬಹಳ ದಿನ ಅವನು ಇದ್ದೂ ಇಲ್ಲದ ಹಾಗಿದ್ದ. ಆಮೇಲೆ ಕಣ್ಣು ಬಿಟ್ಟ, ಗಂಜಿ ಕುಡಿದ, ಗೋಡೆ ಹಿಡಿದು ನಡೆದ. ಹೆಂಡತಿ ಕೆರೆಯ ತಾಯಿಗೆ ಹರಕೆ ಸಲ್ಲಿಸಿ ಬಂದಳು. ಎಲ್ಲ ಮುಗಿಯಿತು ಅಂದುಕೊಂಡಳು.

ಮುಗಿದಿರಲಿಲ್ಲ. ಮನುಷ್ಯನ ತಲೆಯೊಳಗೆ ಒಂದು ಪಾತಿ ಇರುತ್ತದೆ, ಅದಕ್ಕೆ ಸುತ್ತ ಬದು ಇರುತ್ತದೆ, ಬಂದ ನಿದ್ದೆ ಅಲ್ಲಿ ನಿಂತು ಇಂಗುತ್ತದೆ ಅಂತ ಆ ಊರಿನವರ ತಿಳಿವಳಿಕೆ. ಕಲ್ಲು ಅವನ ಬದುವನ್ನು ಒಡೆದಿತ್ತು. ಹೊರಗೆ ಗಾಯ ಮಾಯಿತು, ಕೂದಲು ಬೆಳೆಯಿತು. ಒಳಗೆ ಬದು ಒಡೆದೇ ಇತ್ತು.

ಒಂದು ಸಲ ಕಾಲುವೆಯಲ್ಲಿ ಹೂಳು ತುಂಬಿ ಅವರ ಬೀದಿಗೆ ಸರದಿ ತೀರ ತಡವಾಗಿ ಬಂತು. ಬಂದದ್ದೂ ಅರ್ಧ. ಆ ದಿನ ಕಲ್ಲುಕುಟಿಗ ಜಗಲಿಯ ಮೇಲೆ ಕೂತವನು ಇದ್ದಕ್ಕಿದ್ದ ಹಾಗೆ ಒಂದು ಕೂಗು ಹಾಕಿ ಬಿದ್ದ. ಕಣ್ಣು ಮೇಲಕ್ಕೆ ಹೋಯಿತು. ಹಲ್ಲು ಕಚ್ಚಿಕೊಂಡಿತು. ಕೈಕಾಲು ನೆಲವನ್ನು ಬಡಿಯತೊಡಗಿದವು. ಬೀದಿಯೆಲ್ಲ ಬಂತು. ಒಬ್ಬ ಅವನ ಕೈಗೆ ಕಬ್ಬಿಣದ ಬೀಗದ ಕೈ ತುರುಕಿದ. ಒಬ್ಬ ಬಾಯಿಗೆ ಸೌಟಿನ ಹಿಡಿ ತುರುಕಲು ನೋಡಿ ಅವನ ಮುಂದಿನ ಹಲ್ಲು ಮುರಿದ. ನಡುಕ ತಾನಾಗಿ ಬಂದದ್ದು ತಾನಾಗಿ ನಿಂತಿತು. ನಿಂತ ಮೇಲೆ ಅವನು ಮಲಗಿಬಿಟ್ಟ. ಎಬ್ಬಿಸಿದರೆ ಏಳಲಿಲ್ಲ. ಸರದಿಯಿಲ್ಲದ ಹೊತ್ತಿನಲ್ಲಿ, ನಡುಜಗಲಿಯಲ್ಲಿ, ಊರೆಲ್ಲ ನೋಡುತ್ತಿರುವಾಗ ಗೊರಕೆ ಹೊಡೆದ.

"ನೋಡಿದ್ರಾ?" ಅಂದ ಎದುರುಮನೆಯವನು. "ನಡುಕ ಅಂತೆ! ನಿದ್ದೆ ಕದಿಯೋಕೆ ಹೊಸ ದಾರಿ."

"ಬಾಯಲ್ಲಿ ರಕ್ತ ಬರ್ತಿದೆ ಕಣಯ್ಯಾ. ಕದಿಯೋರು ನಾಲಿಗೆ ಕಚ್ಚಿಕೊಂಡು ಕದೀತಾರಾ?" ಅಂದಳು ಹೆಂಡತಿ. ಅವಳಿಗೆ ಕೂಗುವ ಶಕ್ತಿ ಇರಲಿಲ್ಲ, ಮೆಲ್ಲಗೇ ಅಂದಳು.

ಅಲ್ಲಿಂದ ಶುರುವಾಯಿತು. ಪಂಡಿತ ಒಂದು ಕಹಿಪುಡಿ ಕೊಟ್ಟ. ದಿನವೂ ತಪ್ಪದೆ ಅದನ್ನು ಕೊಟ್ಟಳು. ಅದರಿಂದ ಸ್ವಲ್ಪ ತಡೆಯಿತು. ಆದರೆ ನಿದ್ದೆ ಕೆಟ್ಟ ದಿನ ಪುಡಿಯೂ ಸೋಲುತ್ತಿತ್ತು. ಕೆಲವು ಸಲ ನಡುಕ ನಿದ್ದೆಯೊಳಗೇ ಬರುತ್ತಿತ್ತು. ಚಾಪೆ ಹಾಸಿ, ಮಡೆ ತೆಗೆದು, ತಾಯಿಯನ್ನು ಕರೆದು, ನಿದ್ದೆ ಮೆಲ್ಲಗೆ ಹರಿದು ಬಂದು ಅವನ ಹಣೆ ಮುಟ್ಟುವ ಹೊತ್ತಿಗೇ ಮೈ ಸೆಟೆದುಕೊಳ್ಳುವುದು. ನಡುಕ ಬಂದರೆ ಆ ದಿನದ ನಿದ್ದೆ ಚೆಲ್ಲಿಹೋಗುವುದು. ನಿದ್ದೆ ಚೆಲ್ಲಿದರೆ ಮತ್ತೆ ನಡುಕ. ಗಾಣದ ಎತ್ತಿನ ಹಾಗೆ ಇಬ್ಬರೂ ಅದರ ಸುತ್ತ ತಿರುಗಿದರು.

ಊರ ಯಜಮಾನ ಕೆಟ್ಟವನಲ್ಲ. ಕಳ್ಳತನ ಅನ್ನುವ ಮಾತನ್ನು ಅವನು ಒಪ್ಪಲಿಲ್ಲ. ನಾಕು ಜನರನ್ನು ಕೂರಿಸಿಕೊಂಡು ಯೋಚನೆ ಮಾಡಿದ. ನಡುಕ ಬರುವುದು ನಿದ್ದೆ ಬರುವಾಗ. ನಡುಕ ಆದ ಮೇಲೂ ನಿದ್ದೆ. ಅಂದ ಮೇಲೆ ಇವನ ಒಳಗೆ ನಿದ್ದೆ ಹೆಚ್ಚಾಗಿ ಕೊಳೆಯುತ್ತಿದೆ, ಅದನ್ನು ಬತ್ತಿಸಬೇಕು. ಹೀಗೆ ತೀರ್ಮಾನವಾಯಿತು. ಆ ಊರಿನಲ್ಲಿ ನಿದ್ದೆ ಅಂದರೆ ಕೆರೆ, ಕೆರೆ ಅಂದರೆ ಒಂದೋ ಸಾಲದು ಇಲ್ಲವೇ ಕೋಡಿ ಬೀಳುವುದು. ಪಾತಿ ಕೆಟ್ಟಿರಬಹುದು ಅನ್ನುವುದು ಅವರ ತಲೆಗೆ ಹೊಳೆಯಲಿಲ್ಲ.

ಬತ್ತಿಸುವ ಕೆಲಸ ಕೆಳಗಿನ ಬೀದಿಯ ಜಾಗಟೆಯಮ್ಮನಿಗೆ ಬಿತ್ತು. ಅವಳು ಗುಡಿಯಲ್ಲಿ ಜಾಗಟೆ ಬಾರಿಸುವವಳು. ದೊಡ್ಡ ಗಂಟಲು, ದೊಡ್ಡ ಮೈ, ಯಾರ ಮನೆಗಾದರೂ ಕೇಳದೆ ನುಗ್ಗುವ ಸ್ವಭಾವ. ಕಲ್ಲುಕುಟಿಗನ ಬೀದಿಗೆ ಕೊಂಬು ಊದಿದ ಕೂಡಲೆ ಅವಳು ಬಂದು ಅವನ ತಲೆದೆಸೆಯಲ್ಲಿ ಕೂತು ಜಾಗಟೆ ಬಾರಿಸುವಳು. ಅವನ ರೆಪ್ಪೆ ಮುಚ್ಚಿತು ಅಂದರೆ ಢಣ್ ಅನ್ನಿಸುವಳು.

"ಕಣ್ಣು ಬಿಡಪ್ಪಾ ಮಗಾ. ನಿನ್ನ ಒಳ್ಳೇದಕ್ಕೇ."

"ದೊಡ್ಡವ್ವಾ, ಸಾಯ್ತೀನಿ ಅನ್ನಿಸ್ತಿದೆ," ಅನ್ನುವನು ಅವನು.

"ಸಾಯೋರು ಹೀಗೆ ಮಾತಾಡ್ತಾರಾ? ಸುಮ್ನಿರು." ಢಣ್.

ಹೆಂಡತಿ ಬಾಗಿಲಲ್ಲಿ ಕೂತಿರುವಳು. ಅವಳ ಪಾಲಿನ ನಿದ್ದೆ ಹಿತ್ತಿಲ ಮಡೆಯಲ್ಲಿ ಬಂದು ಹಾಗೇ ಮುಂದಕ್ಕೆ ಹರಿದುಹೋಗುವುದು. ತಾಯೀ ಬಾ, ಮೆಲ್ಲಗೆ ಬಾ, ಅಂತ ಬೀದಿಯೆಲ್ಲ ಹೇಳುವಾಗ ಅವಳೂ ಬಾಯಿ ಆಡಿಸುವಳು. ಬಂದು ನಿಲ್ಲು ಅನ್ನುವ ಮಾತು ಮಾತ್ರ ಅವಳ ಗಂಟಲಿನಿಂದ ಹೊರಡುತ್ತಿರಲಿಲ್ಲ.

ನಡುಕ ನಿಲ್ಲಲಿಲ್ಲ, ಹೆಚ್ಚಿತು. ಬೆಳಿಗ್ಗೆ ಬಂದದ್ದು ಸಂಜೆಗೂ ಬಂತು. ಒಂದು ಸಲ ಒಲೆಯ ಮುಂದೆ ಬಿದ್ದ, ಮೊಣಕೈ ಬೆಂದಿತು. ಹೆಂಡತಿಯ ಹೆಸರು ಮರೆತು ಅವಳನ್ನು "ಅವ್ವಾ" ಅಂದ. ಆಗ ಯಜಮಾನ ಹೇಳಿ ಕಳಿಸಿದ: ಈ ಸುತ್ತು ಮುಗಿಯುವುದರೊಳಗೆ ನಡುಕ ನಿಲ್ಲದಿದ್ದರೆ ಅವನ ಮಡೆಗೆ ಕಲ್ಲು ಹಾಕಿ ಶಾಶ್ವತವಾಗಿ ಮುಚ್ಚುವುದು. ಒಂದು ಹನಿಯೂ ಹೋಗದ ಹಾಗೆ ಬತ್ತಿಸಿ ನೋಡುವುದು.

ಮಡೆ ಮುಚ್ಚಿದರೆ ಏನಾಗುತ್ತದೆಂದು ಹೆಂಡತಿಗೆ ಗೊತ್ತಿತ್ತು. ನಡುಕ ಅವನನ್ನು ಹಿಡಿದದ್ದು ಬಿಡುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದು ಬರುತ್ತದೆ, ಉಸಿರು ನಿಲ್ಲುತ್ತದೆ. ಅವಳು ದೇವರ ಮುಂದೆ ಕೂತಳು. ಏನು ಕೇಳಬೇಕೆಂದು ತೋಚಲಿಲ್ಲ. ದೀಪದ ಬತ್ತಿ ಸರಿಮಾಡಿ ಎದ್ದಳು.

ಮರುದಿನ ಸರದಿ ಬಿದ್ದದ್ದು ಮಟಮಟ ಮಧ್ಯಾಹ್ನಕ್ಕೆ. ಜಾಗಟೆಯಮ್ಮ ಬಂದಳು, ಕೂತಳು, ಬಾರಿಸಿದಳು. ಹೆಂಡತಿ ಅವನಿಗೆ ಗಂಜಿ ಕಾಯಿಸಲು ಒಳಗೆ ಹೋದಳು. ಒಲೆ ಊದುತ್ತಿದ್ದವಳಿಗೆ ಏನೋ ತಪ್ಪಿದೆ ಅನ್ನಿಸಿತು. ಸದ್ದಿಲ್ಲ. ಓಡಿ ಬಂದಳು. ಬಂದು ನೋಡಿದರೆ ಜಾಗಟೆಯಮ್ಮ ಕಂಬಕ್ಕೊರಗಿ ಬಾಯಿ ತೆರೆದು ಮಲಗಿದ್ದಾಳೆ. ಜಾಗಟೆ ಮಡಿಲಲ್ಲಿದೆ. ಕಲ್ಲುಕುಟಿಗ ಪಕ್ಕಕ್ಕೆ ಹೊರಳಿ, ಮಂಡಿ ಮಡಚಿ, ಮಗುವಿನ ಹಾಗೆ ಉಸಿರಾಡುತ್ತಿದ್ದಾನೆ.

ಹೆಂಡತಿ ನಿಂತಲ್ಲೇ ನಿಂತಳು. ಎಬ್ಬಿಸಬೇಕಾದದ್ದು ನೇಮ, ಅವಳು ಎಬ್ಬಿಸಲಿಲ್ಲ. ಗಂಜಿ ಉಕ್ಕಿ ಒಲೆ ಆರಿದ ಸದ್ದು ಕೇಳಿತು, ಅದಕ್ಕೂ ಅಲುಗಲಿಲ್ಲ. ಬೀದಿಯ ನಿದ್ದೆ ಪೂರ್ತಿ ಹರಿದು ಮುಗಿಯುವವರೆಗೆ ಹಾಗೇ ನಿಂತಿದ್ದಳು.

ಆ ಸಂಜೆ ನಡುಕ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಕಲ್ಲುಕುಟಿಗ ತಾನಾಗಿ ಎದ್ದು ಮುಖ ತೊಳೆದು, ಹೆಂಡತಿಯನ್ನು ನೋಡಿ, "ಏನೇ, ಹೀಗೆ ಒಣಗಿಹೋಗಿದ್ದೀಯ? ನನ್ನ ಪಾಲಿನ ಗಂಜೀನೂ ನೀನೇ ಉಣ್ತಿದ್ದೀಯ ಅಂದುಕೊಂಡಿದ್ದೆ, ನೋಡಿದರೆ ನಿನ್ನ ಪಾಲನ್ನೇ ಯಾರೋ ಕಸಿದ ಹಾಗಿದೆ," ಅಂದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳು ನೇರ ಜಾಗಟೆಯಮ್ಮನ ಮನೆಗೆ ಹೋದಳು. "ದೊಡ್ಡವ್ವಾ, ನಿನ್ನೆ ನೀನು ಮಲಗಿಬಿಟ್ಟಿದ್ದೆ."

"ಶ್! ಮೆಲ್ಲಗೆ ಕಣೇ! ಸರದಿಯಿಲ್ಲದೆ ಮಲಗಿದೆ ಅಂತ ನನ್ನ ಮಡೆಗೂ ಕಲ್ಲು ಹಾಕಿಸ್ತೀಯಾ?"

"ನೀನು ಮಲಗಿದ್ದಕ್ಕೇ ಅವರಿಗೆ ನಡುಕ ಬರಲಿಲ್ಲ. ಪೂರ್ತಿ ನಿದ್ದೆ ಆಯ್ತು, ಇವತ್ತು ಎದ್ದು ಹಾಸ್ಯ ಮಾಡಿದರು. ಯಜಮಾನರ ಹತ್ರ ಬಂದು ಹೇಳಬೇಕು."

ಜಾಗಟೆಯಮ್ಮ ಬಹಳ ಹೊತ್ತು ಮೊರದಲ್ಲಿ ಅಕ್ಕಿ ಕೇರಿದಳು. "ನನ್ನ ಕೈಯೇ ಈಗ ನಡುಗುತ್ತೆ ಕಣೇ ಮಗಳೇ," ಅಂದಳು ಕಡೆಗೆ. "ಅವನನ್ನ ಎಚ್ಚರ ಇಡೋಕೆ ಹೋಗಿ ನನ್ನ ಮೈ ಗಾಳಿಗೆ ಸಿಕ್ಕ ಎಲೆ ಆಗಿದೆ. ನಡಿ, ಬರ್ತೀನಿ. ಕಲ್ಲು ಹಾಕೋದಾದ್ರೆ ಹಾಕಲಿ, ನನ್ನ ಗಂಟಲಿಗೆ ಹಾಕೋಕಾಗುತ್ತಾ?"

ಯಜಮಾನ ಅರಳಿಕಟ್ಟೆಯ ಮೇಲೆ ಕೂತಿದ್ದ. ಅವನ ಕಣ್ಣಿನ ಕೆಳಗೂ ಕಪ್ಪು. ಎಲ್ಲ ಕೇಳಿದ. ಜಾಗಟೆಯಮ್ಮ ತಾನು ಮಲಗಿದ್ದನ್ನು ಊರಿಗೆಲ್ಲ ಕೇಳುವ ಹಾಗೆ ಎರಡು ಸಲ ಹೇಳಿದಳು. ಕೂತವರು ನಕ್ಕರು.

"ಜಾಗಟೆ ನಿಲ್ಲಿಸೋಣ," ಅಂದ ಯಜಮಾನ. "ಸರದಿ ಬಂದಾಗ ಮಲಗಲಿ. ಆಯ್ತಲ್ಲ?"

"ಅಷ್ಟು ಸಾಲದು, ಯಜಮಾನ್ರೇ," ಅಂದಳು ಹೆಂಡತಿ. "ಸರದಿ ಇವತ್ತೊಂದು ಹೊತ್ತು, ನಾಳೆ ಒಂದು ಹೊತ್ತು. ಗಟ್ಟಿ ಬದು ಇರೋರಿಗೆ ಅದು ನಡೆಯುತ್ತೆ. ಅವರದು ಒಡೆದ ಪಾತಿ. ತಡವಾದ್ರೆ ಬಿರಿಯುತ್ತೆ, ಒಮ್ಮೆಗೇ ನುಗ್ಗಿದ್ರೂ ಕೊಚ್ಚಿಹೋಗುತ್ತೆ. ಅವರಿಗೆ ದಿನಾ ಒಂದೇ ಹೊತ್ತಿಗೆ ಬೇಕು. ದಿನಾ ದೀಪ ಹಚ್ಚಿದ ಮೇಲೆ. ಮೆಲ್ಲಗೆ, ಸಣ್ಣಗೆ."

"ಒಬ್ಬನಿಗೆ ಹೊತ್ತು ಕಟ್ಟಿಕೊಟ್ಟರೆ ನಾಳೆ ಊರೇ ಬಂದು ನಿಲ್ಲುತ್ತೆ ತಾಯಿ. ಬಸುರಿ ಬರ್ತಾಳೆ, ಮುದುಕ ಬರ್ತಾನೆ. ಯಾರಿಗೆ ಇಲ್ಲ ಅನ್ನಲಿ? ಸರದಿ ಮುರಿಯೋಕೆ ನನಗೆ ಅಧಿಕಾರ ಇಲ್ಲ."

"ಮುರೀಬೇಡಿ. ನಮ್ಮ ಮನೆಗೆ ಎರಡು ಪಾಲು ಬರುತ್ತೆ. ನನ್ನ ಪಾಲನ್ನ ಊರಿಗೆ ಬಿಟ್ಟುಕೊಟ್ಟೆ. ಅದರ ಬದಲಿಗೆ ಅವರಿಗೆ ಸಂಜೆ ಹೊತ್ತು ಕೊಡಿ."

ಆ ಊರಿನಲ್ಲಿ ಹೊಲ ಬಿಟ್ಟುಕೊಟ್ಟವರಿದ್ದರು, ಮನೆ ಬಿಟ್ಟುಕೊಟ್ಟವರಿದ್ದರು. ನಿದ್ದೆಯ ಪಾಲು ಬಿಟ್ಟವರು ಯಾರೂ ಇರಲಿಲ್ಲ.

"ನೀನು ಹೇಗೆ ಬದುಕ್ತೀಯ?" ಅಂದ ಯಜಮಾನ.

"ಎಲ್ಲ ಬೀದಿಯವರದೂ ಆದ ಮೇಲೆ ಕಾಲುವೆಯ ಕೊನೆಯಲ್ಲಿ ಒಂದಿಷ್ಟು ನಿಂತಿರುತ್ತಲ್ಲ, ಹೊತ್ತೇರಿದ ಮೇಲೆ. ಅದನ್ನ ತಗೋತೀನಿ."

ನಿದ್ದೆಗಂಟಿ ತಲೆ ಕೆರೆದುಕೊಂಡು, "ಅದು ಬರೀ ಬಗ್ಗಡ ತಾಯಿ, ಕನಸೇ ಜಾಸ್ತಿ," ಅಂದ.

"ಆಗಲಿ."

ಹಾಗೆ ಆಯಿತು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನಿದ್ದೆಗಂಟಿ ತೂಬನ್ನು ಬೆರಳಷ್ಟು ಎತ್ತಿ ಆ ಒಂದು ಮನೆಗೆ ಬಿಡುತ್ತಿದ್ದ. ಹೆಂಡತಿ ಗಂಡನ ಕಾಲು ತೊಳೆಯುವಳು. ಕಹಿಪುಡಿ ಕೊಡುವಳು. ಚಾಪೆ ಹಾಸುವಳು. ತಾಯೀ ಬಾ, ಮೆಲ್ಲಗೆ ಬಾ, ಬಂದು ನಿಲ್ಲು. ದಿನವೂ ಅದೇ ಹೊತ್ತು, ಅದೇ ಚಾಪೆ, ಅದೇ ಮಾತು. ಒಡೆದ ಬದುವಿನ ಒಳಗೆ ನಿದ್ದೆ ಹೆದರಿದ ಕರುವಿನ ಹಾಗೆ ಬಂದು, ಸ್ವಲ್ಪ ಸ್ವಲ್ಪವಾಗಿ ನಿಲ್ಲಲು ಕಲಿಯಿತು. ದಿನ ಹೋಗಿ ದಿನ ಬಂದ ಹಾಗೆ ನಡುಕ ದೂರವಾಯಿತು. ಹೋಗಲಿಲ್ಲ, ದೂರವಾಯಿತು. ಕಲ್ಲುಕುಟಿಗ ಮತ್ತೆ ಉಳಿ ಹಿಡಿದ. ಎತ್ತರಕ್ಕೆ ಹತ್ತುವ ಕೆಲಸ ಬಿಟ್ಟು ನೆಲದ ಮೇಲೆ ಕೂತು ಒರಳು ಕಡೆದ. ಊರವರು ಬಂದು ನೋಡಿ, ಕೆರೆಯ ತಾಯಿಗೆ ಕೈ ಮುಗಿದು ಹೋದರು. ಎಲ್ಲರಿಗೂ ಅದು ಅಲ್ಲಿಗೆ ಮುಗಿದ ಹಾಗೆ ಕಂಡಿತು.

ಹೆಂಡತಿ ಮಾತ್ರ ಮಲಗಲಿಲ್ಲ.

ಬಗ್ಗಡ ನಿದ್ದೆ ಅವಳ ಪಾಲಿಗೆ ದಿನವೂ ಹೊತ್ತೇರಿದ ಮೇಲೆ ಬರುತ್ತಿತ್ತು. ಅವಳು ಮಡೆ ತೆಗೆಯುವಳು, ಚಾಪೆ ಹಾಸುವಳು, ಕಣ್ಣು ಮುಚ್ಚುವಳು. ಕಿವಿ ಮುಚ್ಚುತ್ತಿರಲಿಲ್ಲ. ಜಗಲಿಯಲ್ಲಿ ಉಳಿಯ ಸದ್ದು ಟಕ್ ಟಕ್ ಅನ್ನುತ್ತಿದ್ದರೆ ಸರಿ. ಒಂದು ಟಕ್ ತಪ್ಪಿದರೆ ಎದ್ದು ಕೂರುವಳು. ಅವನು ಬೆವರು ಒರೆಸಲು ಕೈ ನಿಲ್ಲಿಸಿರುತ್ತಿದ್ದ, ಅಷ್ಟೆ. ಮತ್ತೆ ಮಲಗುವಳು. ಸಂಜೆ ಅವನು ಮಲಗಿದಾಗ ಅವನ ಉಸಿರು ನೋಡುತ್ತ ಕೂರುವಳು. ನಿದ್ದೆ ಅವಳ ಬಾಗಿಲಿಗೆ ಬಂದು, ಬಹಳ ಹೊತ್ತು ನಿಂತು, ಹಿಂದಕ್ಕೆ ಹೋಗುವುದು. ಅವಳ ಬದು ಗಟ್ಟಿಯಿತ್ತು. ಮಡೆಗೆ ಅವಳೇ ಅಡ್ಡ ಕೂತಿದ್ದಳು.

ಸಾರಿಗೆ ಉಪ್ಪು ಎರಡು ಸಲ ಬಿತ್ತು. ಬಾವಿಯ ಹಗ್ಗ ಕೈ ಜಾರಿ ಕೊಡ ಒಳಗೆ ಹೋಯಿತು. ನಡೆಯುತ್ತ ನಡೆಯುತ್ತ ಬೀದಿಯ ನಡುವೆ ನಿಂತು, ಎಲ್ಲಿಗೆ ಹೊರಟಿದ್ದೆ ಅಂತ ಮರೆಯುವಳು.

"ಮಲಗೇ," ಅನ್ನುವನು ಗಂಡ. "ನಾನು ಚೆನ್ನಾಗಿದ್ದೀನಿ."

"ಮಲಗ್ತೀನಿ, ನೀವು ಕೆಲಸ ನೋಡಿ."

"ನಾನು ಸತ್ತರೆ ನಿನಗೆ ನಿದ್ದೆ ಬರುತ್ತೆ ಅಂತ ಕಾಣುತ್ತೆ."

"ಥೂ, ಅಂಥ ಮಾತು ಆಡಬೇಡಿ," ಅಂದಳು. ಅಂದ ಮೇಲೆ ಹಿತ್ತಿಲಿಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು. ಆ ಮಾತು ತನಗೂ ಎಂದೋ ಹೊಳೆದಿತ್ತು ಅನ್ನುವುದಕ್ಕೆ.

ಒಂದು ದಿನ ಹೊತ್ತೇರಿದ ಮೇಲೆ ಜಾಗಟೆಯಮ್ಮ ಕೇಳದೆ ಕರೆಯದೆ ಒಳಗೆ ನುಗ್ಗಿದಳು. ಹೆಂಡತಿ ಚಾಪೆಯ ಮೇಲೆ ಕೂತೇ ಇದ್ದಳು. ಮಡೆಯಲ್ಲಿ ಬಗ್ಗಡ ನಿದ್ದೆ ಕಾಯುತ್ತಿತ್ತು.

"ಮುಖ ನೋಡು, ಬೂದುಗುಂಬಳ ಒಳಗೆ ಟೊಳ್ಳಾದ ಹಾಗೆ. ಮಲಗು. ನಾನು ನೋಡ್ಕೋತೀನಿ ಅವನನ್ನ."

"ನಿನಗೆ ಗೊತ್ತಾಗಲ್ಲ ದೊಡ್ಡವ್ವಾ."

"ಅವನನ್ನ ಎಚ್ಚರ ಇಡೋಕೆ ಅಷ್ಟು ದಿನ ಕೂತವಳು ನಾನು. ಅವನ ರೆಪ್ಪೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಏನು ಮಾಡಬೇಕು ಹೇಳು, ಮಾಡ್ತೀನಿ."

ಹೆಂಡತಿ ಹೇಳಿದಳು. ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದಳು. "ಬಂದರೆ ಹಿಡಿದು ಒತ್ತಬೇಡ. ಕೈಗೆ ಕಬ್ಬಿಣ ಕೊಡಬೇಡ. ಬಾಯಿಗೆ ಏನೂ ಇಡಬೇಡ, ನೀರೂ ಬೇಡ. ಉಳಿ ಸುತ್ತಿಗೆ ದೂರ ತಳ್ಳು. ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡು. ಪಕ್ಕಕ್ಕೆ ಹೊರಳಿಸು, ಜೊಲ್ಲು ಹೊರಗೆ ಹೋಗಲಿ. ನಿಲ್ಲೋವರೆಗೆ ಜೊತೆಗಿರು. ನಿಲ್ಲದೆ ಹೋದ್ರೆ, ಇಲ್ಲಾ ಒಂದರ ಹಿಂದೆ ಇನ್ನೊಂದು ಬಂದ್ರೆ, ಓಡಿ ಪಂಡಿತರನ್ನ ಕರಿ. ಹೇಗೇ ಬರಲಿ, ನನ್ನನ್ನ ಎಬ್ಬಿಸು."

"ಆಯ್ತು ಆಯ್ತು. ಮಲಗು."

ಮಲಗಿದಳು. ಕಿವಿ ಎಂದಿನಂತೆ ಜಗಲಿಗೆ ಹೋಯಿತು. ಟಕ್ ಟಕ್. ಜಾಗಟೆಯಮ್ಮ ಏನೋ ಹೇಳಿದಳು, ಗಂಡ ನಕ್ಕ. ಟಕ್. ಆ ನಗುವಿನ ಮೇಲೆ ಅವಳ ತಲೆ ಒಂದು ಕ್ಷಣ ಒರಗಿತು. ಅಷ್ಟೇ ಸಾಕಾಯಿತು. ಕಾದು ಕಾದು ಸೋತಿದ್ದ ನಿದ್ದೆ ಒಳಗೆ ಬಂತು.

ಎದ್ದಾಗ ಬಿಸಿಲು ಗೋಡೆ ಇಳಿದಿತ್ತು. ಉಳಿಯ ಸದ್ದಿಲ್ಲ. ಎದ್ದು ಬಿದ್ದು ಹೊರಗೆ ಬಂದಳು. ಗಂಡ ಪಕ್ಕಕ್ಕೆ ಹೊರಳಿ ಮಲಗಿದ್ದ. ತಲೆಯ ಕೆಳಗೆ ಮಡಿಸಿದ ಗೋಣಿ. ಉಳಿ, ಸುತ್ತಿಗೆ ಬೀದಿಯಂಚಿನಲ್ಲಿ ಬಿದ್ದಿದ್ದವು. ಜಾಗಟೆಯಮ್ಮ ಅವನ ಪಕ್ಕದಲ್ಲಿ ಕಾಲು ಚಾಚಿ ಕೂತು ಸೆರಗಿನಿಂದ ನೊಣ ಅಟ್ಟುತ್ತಿದ್ದಳು. ಸೆರಗು ಒದ್ದೆಯಾಗಿತ್ತು.

"ಬಂದಿತ್ತಾ?"

"ಬಂದಿತ್ತು. ಹೋಯ್ತು."

"ಎಬ್ಬಿಸು ಅಂತ ಹೇಳಿದ್ದೆನಲ್ಲ!" ಅಂದಳು ಹೆಂಡತಿ. "ಯಾಕೆ ಎಬ್ಬಿಸಲಿಲ್ಲ? ಅವರಿಗೇನಾದರೂ ಆಗಿದ್ದರೆ?"

"ಎದ್ದು ನೀನೇನು ಮಾಡ್ತಿದ್ದೆ? ತಲೆ ಕೆಳಗೆ ಇಡ್ತಿದ್ದೆ, ಹೊರಳಿಸ್ತಿದ್ದೆ, ಜೊತೆಗೆ ಕೂತಿರ್ತಿದ್ದೆ. ನಾನೂ ಅಷ್ಟೇ ಮಾಡಿದೆ. ಒಂದೇ ಸಲ ಬಂದು ತಾನೇ ನಿಂತಿತು. ನೀನು ನಿದ್ದೆ ಮಾಡ್ತಿದ್ದೆ ಕಣೇ. ಹೇಗೆ ಎಬ್ಬಿಸಲಿ?"

ಹೆಂಡತಿ ಹೊಸ್ತಿಲ ಮೇಲೆ ಕೂತಳು. ಗಂಡನ ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ನಡುಕ ಬಂದಿತ್ತು. ತಾನು ಅಲ್ಲಿರಲಿಲ್ಲ. ಅವನು ಇದ್ದಾನೆ. ಈ ಮೂರನ್ನೂ ಅವಳು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದಳು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಅದರ ಹಿಂದೆ ದಣಿವು. ದಣಿವು ದೊಡ್ಡದಾಗಿ ಬಂದು ಉಳಿದೆರಡನ್ನೂ ಪಕ್ಕಕ್ಕೆ ಸರಿಸಿ ಕೂತಿತು.

ಅವಳು ಕೇಳಿದಳು, "ನಾಳೇನೂ ಬರ್ತೀಯಾ ದೊಡ್ಡವ್ವಾ?"

"ನಾಳೆ ಹಪ್ಪಳ ಒತ್ತೋದಿದೆ. ಸೊಸೇನ ಕಳಿಸ್ತೀನಿ. ಬಾಯಿ ಜೋರು, ಆದ್ರೂ ಹೇಳಿಕೊಟ್ಟರೆ ಕಲೀತಾಳೆ. ನಾಡಿದ್ದು ನಾನೇ ಬರ್ತೀನಿ."

"ಹೂಂ."

"ಮಡೆಯಲ್ಲಿ ಇನ್ನೂ ಒಂದಿಷ್ಟು ಉಳಿದಿದೆ. ವ್ಯರ್ಥ ಮಾಡಬೇಡ. ಹೋಗು."

ಹೆಂಡತಿ ಎದ್ದು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು, ಜಗಲಿಯಲ್ಲಿ ಮಲಗಿದ ಗಂಡ ಅಲ್ಲಿಂದ ಕಾಣುತ್ತಿದ್ದ. ಅವಳು ಒಂದು ಸಲ ಅವನನ್ನು ನೋಡಿದಳು. ನೋಡಿ, ಗೋಡೆಯ ಕಡೆಗೆ ತಿರುಗಿ, ಅವನಿಗೆ ಬೆನ್ನು ಹಾಕಿ ಮಲಗಿದಳು.